ಜೆರಾಕ್ಸ್ ಗಾಜಿನ ಮೇಲೊಂದು ಬಂಗಡೆ

ಈ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಮಳೆ, ಕರೆಂಟು, ಮನೆಗೆ ಬಂದವರು, ಹೋದವರು... ನೆಪಕ್ಕೇನು ಬರ ಇಲ್ಲ ಬಿಡಿ. ಇವತ್ತು ಬರೆಯಲು ಕೂತಿದ್ದು ಸಿಟ್ಟಿನಿಂದ. ಸಿಟ್ಟು ಬಂದಾಗ ಬರೆಯಬಾರದು ಅಂತಾರೆ ಹಿರಿಯರು. ಆದರೆ ಸಿಟ್ಟು ಇಳಿದ ಮೇಲೆ ನಾನು ಏನನ್ನಾದರೂ ಬರೆದ ದಾಖಲೆಯೇ ಇಲ್ಲ :-)

ವಿಷಯ ಇಷ್ಟು. ನನ್ನ ಅಣ್ಣನ ಮಗಳು ಒಂಬತ್ತನೇ ಕ್ಲಾಸು. ಒಂದು ಚಿತ್ರಕಲಾ ಸ್ಪರ್ಧೆ ಇತ್ತು, ಎಲ್ಲಿ ಅಂತ ಕೇಳಬೇಡಿ. ವಿಷಯ 'ನಮ್ಮ ಕಡಲು'. ಮನೆಯಲ್ಲೇ ಮಾಡಿ ತಂದು ಕೊಡಬೇಕು. ಉಳಿದ ಮಕ್ಕಳು ತೆಂಗಿನ ಮರ, ಅರ್ಧ ಮುಳುಗಿದ ಸೂರ್ಯ, ಒಂದು ದೋಣಿ, ಆಕಾಶದಲ್ಲಿ ಕಾಗೆಯೋ ಕೊಕ್ಕರೆಯೋ ತಿಳಿಯದ ನಾಲ್ಕು ಹಕ್ಕಿ ಬಿಡಿಸಿದರು. ಇವಳು ಮಾಡಿದ್ದೇ ಬೇರೆ. ಹಟ್ಟಿಕೇರಿಯಿಂದ ಬಸ್ ಹತ್ತಿ ಅಂಕೋಲೆಗೆ ಹೋದಳು. ಮೀನು ಪೇಟೆಯಲ್ಲಿ ನಾಲ್ಕು ಬಂಗಡೆ ತಗೊಂಡಳು. ನಾನು ಮೊದಲು ಕೆಲಸ ಮಾಡುತ್ತಿದ್ದ ಜೆರಾಕ್ಸ್ ಅಂಗಡಿಗೆ ಹೋಗಿ, "ಅತ್ತೆ ಹೇಳಿದ್ದಾರೆ" ಅಂತ ನನ್ನ ಹೆಸರು ಹೇಳಿ (ನಾನು ಹೇಳಿರಲಿಲ್ಲ!) ಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಬಂಗಡೆ ಇಟ್ಟಳು.

ಅರವತ್ತು ಹಾಳೆ ಹಾಳಾದವು. ಕೊನೆಗೆ ಒಂಬತ್ತು ಹಾಳೆ ಆರಿಸಿ, ಅಂಟಿಸಿ, ಕಡಲು ಮಾಡಿ ಕೊಟ್ಟಳು. ಚಿತ್ರ ವಾಪಸ್ ಬಂತು. ಹಿಂದೆ ಕೆಂಪು ಶಾಯಿಯಲ್ಲಿ, "ಯಂತ್ರದ ಪ್ರತಿ, ಪರಿಗಣಿಸಿಲ್ಲ."

"ಅತ್ತೆ, ನಾ ಬಿಡಿಸ್ಲೇ ಇಲ್ಲ ಹೇಳ್ತ್ರು" ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ನಾನು ಆ ಅಂಗಡಿಯಲ್ಲಿ ಹನ್ನೊಂದು ವರ್ಷ ನಿಂತವಳು. ಪಹಣಿ, ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ಕೋರ್ಟಿನ ಕಾಗದ ಎಷ್ಟು ಸಾವಿರ ತೆಗೆದಿದ್ದೇನೋ ಲೆಕ್ಕ ಇಲ್ಲ. ಹಾಗಾಗಿ ಈ ಒಂಬತ್ತು ಹಾಳೆ ನೋಡಿದ ಕೂಡಲೇ ಅದರಲ್ಲಿ ಏನು ಕೆಲಸ ಇದೆ ಅಂತ ನನಗೆ ಗೊತ್ತಾಯ್ತು. ಗಾಜಿನ ಕೆಳಗೆ ದೀಪ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತದಲ್ಲ, ಅದು ಹೋಗುವ ದಿಕ್ಕಿಗೇ ಮೀನನ್ನು ಮೆಲ್ಲಗೆ ಎಳೆದರೆ ಮೀನು ಉದ್ದ ಆಗುತ್ತದೆ. ಎದುರು ದಿಕ್ಕಿಗೆ ಎಳೆದರೆ ಗಿಡ್ಡ. ನಡುವೆ ಕೈ ಅಲುಗಾಡಿಸಿದರೆ ಬೆನ್ನಿನ ಪಟ್ಟೆ ಅಲೆ ಅಲೆಯಾಗಿ ಬರುತ್ತದೆ. ಗಾಜಿಗೆ ತಾಗಿದ್ದು ಸ್ಪಷ್ಟ, ಒಂದು ಬೆರಳು ಮೇಲಿದ್ದದ್ದು ಮಸುಕು, ಅದಕ್ಕೂ ಮೇಲೆ ಬರೀ ಕತ್ತಲು. ಮುಚ್ಚಳ ತೆರೆದೇ ಇಟ್ಟರೆ ಆ ಕತ್ತಲೇ ಆಳದ ನೀರು. ಇವಳು ಇದೆಲ್ಲ ಕಂಡುಕೊಂಡಿದ್ದಾಳೆ, ಒಂದು ಮಧ್ಯಾಹ್ನದಲ್ಲಿ, ಯಾರೂ ಹೇಳಿಕೊಡದೆ. ನಾನು ಹನ್ನೊಂದು ವರ್ಷ ಅದೇ ಯಂತ್ರದ ಎದುರು ನಿಂತು ಇದರಲ್ಲಿ ಅರ್ಧವನ್ನೂ ಕಂಡಿರಲಿಲ್ಲ.

ಪ್ರತಿ ಅಂದರೆ ಇದ್ದದ್ದು ಇದ್ದ ಹಾಗೆ ಇನ್ನೊಂದು. ಇವಳ ಹಾಳೆಯಲ್ಲಿರುವ ಮೀನು ಗಾಜಿನ ಮೇಲೆ ಎಲ್ಲಿತ್ತು? ಅಷ್ಟುದ್ದದ ಬಂಗಡೆ ಅರಬ್ಬೀ ಸಮುದ್ರದಲ್ಲಿ ಇಲ್ಲ ಸ್ವಾಮಿ. ಮತ್ತೊಮ್ಮೆ ತೆಗೆಯಲು ಹೋದರೆ ಅವಳಿಗೇ ಬರುವುದಿಲ್ಲ, ಕೈ ಅಷ್ಟೇ ವೇಗದಲ್ಲಿ ಹೋಗಬೇಕಲ್ಲ. ಹಾಗಾದರೆ ಅದು ಯಾವುದರ ಪ್ರತಿ?

ಜೆರಾಕ್ಸ್ ಹುಟ್ಟಿದ್ದೇ ಹೇಗೆ ಅಂತ ಗೊತ್ತಾ ನಿಮಗೆ? ಚೆಸ್ಟರ್ ಕಾರ್ಲ್ಸನ್ ಅಂತ ಒಬ್ಬರು, ಪೇಟೆಂಟ್ ವಿಭಾಗದಲ್ಲಿ ಕೆಲಸ. ಕಾಗದ ನಕಲು ಮಾಡಿ ಮಾಡಿ ಸಾಕಾಗಿತ್ತು, ಮೇಲಿಂದ ಸಂಧಿವಾತ ಬೇರೆ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದ ಒಂದು ಸಣ್ಣ ಕೋಣೆಯಲ್ಲಿ, ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ತಿಕ್ಕಿ, ಬೆಳಕು ಬಿಟ್ಟು, ಅದರ ಮೇಲೆ ಪುಡಿ ಉದುರಿಸಿದರು. ಆ ಪುಡಿ ಯಾವುದು ಅಂದರೆ ಪಾಚಿಯಂಥ ಒಂದು ಗಿಡದ ಬೀಜಕಣ! ದಿನಾಂಕ ಮತ್ತು ಊರಿನ ಹೆಸರು ಕಾಗದದ ಮೇಲೆ ಮೂಡಿತು. ಕರವಸ್ತ್ರ, ಗಂಧಕ, ಗಿಡದ ಪುಡಿ. ಅಂಗಡಿಗಳಿಗೆ, ಕಚೇರಿಗಳಿಗೆ ಸಲ್ಲುವ ಯಂತ್ರ ಬಂದದ್ದು 1959ರಲ್ಲಿ. ಅದಕ್ಕೆ 914 ಅಂತ ಹೆಸರು, 9 ಇಂಚು 14 ಇಂಚಿನ ಹಾಳೆಯವರೆಗೂ ನಕಲು ತೆಗೆಯುತ್ತಿತ್ತು ಅಂತ.

ಯಂತ್ರ ಕಚೇರಿಗೆ ಬಂದು ಹೆಚ್ಚು ವರ್ಷ ಆಗಿರಲಿಲ್ಲ, ಕಲಾವಿದರು ಅದರ ಗಾಜು ಮುಟ್ಟಿದ್ದರು. ಇಟಲಿಯ ಬ್ರೂನೋ ಮುನಾರಿ 1960ರ ದಶಕದಲ್ಲೇ, ದೀಪ ಹಾಯುವಾಗ ಚಿತ್ರವನ್ನು ಎಳೆದಾಡಿ ಹೊಸ ಚಿತ್ರ ಮಾಡಿದವರು. ನಮ್ಮ ಹುಡುಗಿ ಮಾಡಿದ್ದೂ ಅದನ್ನೇ, ಮುನಾರಿ ಹೆಸರು ಕೇಳದೆ. 1970ರಲ್ಲಿ ಶಿಕಾಗೋದ ಕಲಾಶಾಲೆಯಲ್ಲಿ ಸೋನಿಯಾ ಲ್ಯಾಂಡಿ ಶೆರಿಡನ್ ಎಂಬಾಕೆ ಇಂಥ ಯಂತ್ರಗಳಿಂದ ಕಲೆ ಮಾಡುವುದಕ್ಕೇ ಒಂದು ಪಠ್ಯಕ್ರಮ ಶುರುಮಾಡಿದರು. 1986ರಲ್ಲಿ ಡೇವಿಡ್ ಹಾಕ್ನಿ ಒಂದೇ ಹಾಳೆಯನ್ನು ಕಚೇರಿಯ ಕಾಪಿ ಯಂತ್ರದೊಳಗೆ ಮತ್ತೆ ಮತ್ತೆ ಕಳಿಸಿ, ಒಂದೊಂದು ಸಲಕ್ಕೆ ಒಂದೊಂದು ಬಣ್ಣ ಕೂರಿಸಿ 'ಮನೆಯಲ್ಲೇ ಮಾಡಿದ ಮುದ್ರಣ' ಅಂತ ಹೆಸರಿಟ್ಟರು. ಮುಂದೆ 1989ರಲ್ಲಿ ಬ್ರೆಜಿಲಿನ ಸಾವೊ ಪಾವ್ಲೊ ಪ್ರದರ್ಶನಕ್ಕೆ ಚಿತ್ರಗಳನ್ನು ಫ್ಯಾಕ್ಸ್ ಮಾಡಿಬಿಟ್ಟರು! ಕೆನಡಾದ ಇಬ್ಬರು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳನ್ನು ಸಾಲಾಗಿ ಇಟ್ಟು ಅವುಗಳ ಕಿರ್ರ್ ಕಿರ್ರ್ ಶಬ್ದದಲ್ಲೇ ಸಂಗೀತ ಕಟ್ಟಿದ್ದಾರೆ. ತಾಲೂಕು ಆಫೀಸಿನಲ್ಲಿ ಪಹಣಿಗೆ ಸಾಲಿನಲ್ಲಿ ನಿಂತವರಿಗೆ ಆ ಸಂಗೀತ ಹೊಸದಲ್ಲ ಬಿಡಿ, ನಾವು ಬಿಟ್ಟಿಯಾಗಿ ಕೇಳಿದವರು.

"ಅದೆಲ್ಲ ದೊಡ್ಡ ದೇಶದ ದೊಡ್ಡವರ ಆಟ" ಅನ್ನುತ್ತೀರೇನೋ. ಅಲ್ಲ. ನಮ್ಮಲ್ಲೂ ಉಂಟು, ಬೆರಳಚ್ಚು ಯಂತ್ರದ ಕಾಲದಿಂದ. ಬೆಂಗಳೂರಿನ ಎ.ಸಿ. ಗುರುಮೂರ್ತಿ ಅವರ ಹೆಸರು ನೀವು ಪೇಪರಿನಲ್ಲಿ ನೋಡಿರಬಹುದು. ಟೈಪ್‌ರೈಟರಿನ ಅಕ್ಷರ, ಚುಕ್ಕೆ, ಗೆರೆಗಳಲ್ಲೇ ಗಣ್ಯರ ಮುಖಗಳನ್ನು ಮೂಡಿಸಿದವರು. ಮುಂಬೈಯ ಚಂದ್ರಕಾಂತ ಭಿಡೆ ಬ್ಯಾಂಕಿನಲ್ಲಿ ಟೈಪಿಸ್ಟ್. ಕಲಾಶಾಲೆ ಸೇರುವ ಆಸೆ ಇತ್ತು, ಮನೆಯ ಪರಿಸ್ಥಿತಿ ಬಿಡಲಿಲ್ಲ. ಒಮ್ಮೆ ಕಚೇರಿಯ ಫೋನ್ ನಂಬರುಗಳ ಪಟ್ಟಿ ಟೈಪ್ ಮಾಡಲು ಕೊಟ್ಟರೆ ಅದನ್ನು ಟೆಲಿಫೋನಿನ ಆಕಾರದಲ್ಲೇ ಟೈಪ್ ಮಾಡಿ ಕೊಟ್ಟರಂತೆ. ಅಲ್ಲಿಂದ ಗಣಪತಿ, ಆರ್.ಕೆ. ಲಕ್ಷ್ಮಣರ 'ಕಾಮನ್ ಮ್ಯಾನ್'... ನಿವೃತ್ತಿ ಆಗುವಾಗ ಬ್ಯಾಂಕಿನವರು ಆ ಯಂತ್ರವನ್ನು ಅವರಿಗೆ ಒಂದು ರೂಪಾಯಿಗೆ ಕೊಟ್ಟರು ಅಂತ ಓದಿದ್ದೆ. ಇವರೆಲ್ಲರಿಗಿಂತ ಮೊದಲು, 1898ರಲ್ಲಿ, ಇಂಗ್ಲೆಂಡಿನ ಫ್ಲೋರಾ ಸ್ಟೇಸಿ ಎಂಬಾಕೆ ಟೈಪ್‌ರೈಟರಿನಲ್ಲಿ ಒಂದು ಚಿಟ್ಟೆ ಮಾಡಿದ್ದರು.

ಇಲ್ಲಿ ನನ್ನ ಕತೆಯೂ ಸ್ವಲ್ಪ ಇದೆ. ಪಿಯುಸಿ ಮುಗಿದ ಮೇಲೆ ನನ್ನನ್ನು ಟೈಪಿಂಗ್ ಕ್ಲಾಸಿಗೆ ಹಾಕಿದ್ದರು. ಎ ಎಸ್ ಡಿ ಎಫ್, ಎ ಎಸ್ ಡಿ ಎಫ್, ಬೆರಳು ನೋಯುವ ತನಕ. ಕನ್ನಡ ಯಂತ್ರ ಒಂದೇ ಇತ್ತು, ಅದಕ್ಕೆ ಪಾಳಿ. ಕನ್ನಡ ಯಂತ್ರದಲ್ಲಿ ಒಂದು ಮಜಾ ಇದೆ. ಕೆಲವು ಕೀಲಿ ಒತ್ತಿದರೆ ಗುರುತು ಬೀಳುತ್ತದೆ, ಆದರೆ ಗಾಡಿ ಮುಂದೆ ಸರಿಯುವುದಿಲ್ಲ. ಒಂದಕ್ಷರಕ್ಕೆ ಇನ್ನೊಂದನ್ನು ಜೋಡಿಸಬೇಕಲ್ಲ, ಅದಕ್ಕೆ. ಅಂದರೆ ಒಂದೇ ಜಾಗಕ್ಕೆ ಹತ್ತು ಸಲ ಹೊಡೆದು ಕಪ್ಪು ಮಾಡಬಹುದು. ಮತ್ತೆ ನಮ್ಮ ಅಕ್ಷರ ಇಂಗ್ಲಿಷಿನ ಹಾಗೆ ಕಡ್ಡಿ ಕಡ್ಡಿ ಅಲ್ಲ, ಗುಂಡಗೆ. ಸಾಲು ಸಾಲು 'ಲ' ಹೊಡೆದು, ರೋಲರ್ ಅರ್ಧ ತಿರುಗಿಸಿ ನಡುನಡುವೆ ಮತ್ತೊಂದು ಸಾಲು ಹೊಡೆದರೆ ಅದು ಸಾಕ್ಷಾತ್ ಬೇಲೆಕೇರಿ ಬಂದರದ ತೆರೆ! ನಾನು ಅದನ್ನು ಅರ್ಧ ಹಾಳೆ ಮಾಡಿದ್ದೆ. ಮಾಸ್ತರು ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ. "ರಿಬ್ಬನ್ ನಿನ್ನ ಅಪ್ಪ ತಂದಿದ್ದಾನಾ?" ಅಂತ ಹಾಳೆ ಎಳೆದು ಹರಿದರು. ಅವರನ್ನು ದೂರುವುದಿಲ್ಲ. ರಿಬ್ಬನ್ನಿಗೆ ದುಡ್ಡು ಬೀಳುತ್ತಿತ್ತು, ಮತ್ತೆ ನನ್ನನ್ನು ಅಲ್ಲಿಗೆ ಕಳಿಸಿದ್ದು ನೌಕರಿಗೆ. ಆದರೆ ಆ 'ಲ' ಸಾಲುಗಳನ್ನು ನಾನು ಮತ್ತೆ ಯಾವತ್ತೂ ಹೊಡೆಯಲಿಲ್ಲ. ಈಗ ಯಂತ್ರವೇ ಇಲ್ಲ, ಗೋದ್ರೆಜಿನವರು 2009ರಲ್ಲಿ ಟೈಪ್‌ರೈಟರ್ ತಯಾರಿಕೆ ನಿಲ್ಲಿಸಿದರು.

ನನ್ನ ಸಿಟ್ಟು ಬಂಗಡೆಗೋ ಆ ಹರಿದ ಹಾಳೆಗೋ ಅಂತ ಕೇಳಿದರೆ ಸುಮ್ಮನಿರುತ್ತೇನೆ.

ತೀರ್ಪುಗಾರರ ಪರವಾಗಿಯೂ ಎರಡು ಮಾತು ಹೇಳಬೇಕು. ಈಗ ಮಕ್ಕಳು ಫೋನಿಗೆ 'ಕಡಲು, ಮೀನು, ಸಂಜೆ' ಅಂತ ಹೇಳಿದರೆ ಅದು ಕಣ್ಣು ಕೋರೈಸುವ ಚಿತ್ರ ಮಾಡಿ ಕೊಡುತ್ತದೆ. ಪ್ರಿಂಟ್ ತೆಗೆದು ತಂದರೆ ಮಾಸ್ತರಾದರೂ ಏನು ಮಾಡಬೇಕು? 'ಯಂತ್ರ' ಅಂದ ಕೂಡಲೇ ಅವರಿಗೆ ಸಂಶಯ ಬರುವುದು ಸಹಜ. ನನಗೂ ಬರುತ್ತದೆ. ಜೆರಾಕ್ಸ್ ಗಾಜಿಗೆ ಮುಖ ಒತ್ತಿ ಬಂದದ್ದೆಲ್ಲ ಕಲೆ ಅಂತಲೂ ನಾನು ಹೇಳುತ್ತಿಲ್ಲ. ನಮ್ಮ ಅಂಗಡಿಯಲ್ಲಿ ಕಾಲೇಜು ಹುಡುಗರು ಗಾಜಿನ ಮೇಲೆ ಏನೇನು ಇಡಲು ನೋಡಿದ್ದಾರೆ ಅಂತ ಇಲ್ಲಿ ಬರೆಯುವ ಹಾಗಿಲ್ಲ :-)

ಆದರೆ ಎರಡೂ ಒಂದೇ ಅಲ್ಲವಲ್ಲ. ಫೋನಿಗೆ ಹೇಳಿದವನಿಗೆ ಒಳಗೆ ಏನಾಯ್ತು ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಇವಳಿಗೆ ದೀಪದ ವೇಗ ಗೊತ್ತು, ಮೀನಿನ ನೀರು ಗಾಜಿನ ಅಂಚಿಗೆ ಇಳಿದರೆ ಯಂತ್ರ ಕೆಡುತ್ತದೆ ಅಂತ ಗೊತ್ತು. ಅರವತ್ತು ಸಲ ತಪ್ಪಿ ಕಲಿತಿದ್ದಾಳೆ. ಹಾಗಾಗಿ ನನ್ನ ಸಲಹೆ ಒಂದೇ. 'ಕೈಯಿಂದ ಮಾಡಿದ್ದೋ ಯಂತ್ರದಿಂದ ಮಾಡಿದ್ದೋ' ಅಂತ ಕೇಳುವುದು ಬಿಡಿ. ಹಾಳಾದ ಹಾಳೆ ತಂದು ತೋರಿಸು ಅನ್ನಿ. ಪೆನ್ಸಿಲ್ ಹಿಡಿದವನಿಗೂ ಅದೇ ಕೇಳಿ, ಜೆರಾಕ್ಸ್ ಮಾಡಿದವಳಿಗೂ ಅದೇ ಕೇಳಿ. ಕೆಟ್ಟ ಹಾಳೆಗಳ ಕಟ್ಟು ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ ಯಾರು ಕೆಲಸ ಮಾಡಿದ್ದಾರೆ ಅಂತ. ಪುಸ್ತಕದ ತೆಂಗಿನ ಮರವನ್ನು ನೋಡಿ ನೋಡಿ ಬಿಡಿಸಿದ್ದು ಕೈಯಿಂದಲೇ ಆದರೂ ಅದೂ ಪ್ರತಿಯೇ ತಾನೆ? ಅದಕ್ಕೆ ಮೊದಲ ಬಹುಮಾನ ಬಂತು ಅನ್ನುವುದನ್ನು ನಾನು ಹೇಳಬಾರದು ಅಂದುಕೊಂಡಿದ್ದೆ.

ಇವಳ ಹೊಸ ಹುಚ್ಚು ಕೇಳಿ. ನಮ್ಮ ಹಟ್ಟಿಕೇರಿ ಟೋಲ್ ಗೇಟ್ ನಿಮಗೆ ಗೊತ್ತಿರಬಹುದು, ಹೆದ್ದಾರಿ 66ರಲ್ಲಿ ಹೋದವರೆಲ್ಲ ಬೈದುಕೊಂಡೇ ದಾಟುವ ಜಾಗ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆಗುವ ಮೊದಲು ಅಲ್ಲಿ ಕೊಡುತ್ತಿದ್ದ ಚೀಟಿಗಳನ್ನು ಅಣ್ಣ ಜೀಪಿನ ಡಬ್ಬಿಯಲ್ಲಿ ತುರುಕಿಟ್ಟಿದ್ದ. ಅಚ್ಚು ಪೂರ್ತಿ ಮಾಸಿ ಬೆಳ್ಳಗಾಗಿವೆ. ಆ ಕಾಗದಕ್ಕೆ ಶಾಯಿ ಬೇಡ, ಬಿಸಿ ತಾಗಿದರೆ ಕಪ್ಪಾಗುತ್ತದೆ. ಇವಳು ಒಂದು ಭಾನುವಾರ ಅದನ್ನು ಇಸ್ತ್ರಿ ಪೆಟ್ಟಿಗೆಯ ತುದಿಯಿಂದ ಮುಟ್ಟಿದ್ದಾಳೆ. ಮಾವಿನ ಎಲೆ ನಡುವೆ ಇಟ್ಟು ಒತ್ತಿದರೆ ಎಲೆಯ ಜಾಗ ಬೆಳ್ಳಗೆ ಉಳಿಯುತ್ತದೆ. ಸ್ಯಾನಿಟೈಸರ್ ಹನಿ ಬಿಟ್ಟರೂ ಕಪ್ಪು, ಮಳೆ ಬಿದ್ದ ಹಾಗೆ ಕಾಣುತ್ತದೆ. (ಮುಟ್ಟಿದ ಮೇಲೆ ಕೈ ತೊಳೆದುಕೋ ಅಂತ ಹೇಳಿದ್ದೇನೆ, ಆ ಕಾಗದದ ರಾಸಾಯನಿಕ ಅಷ್ಟು ಒಳ್ಳೆಯದಲ್ಲ.) ಇದೂ ಕೆಲವು ವರ್ಷದಲ್ಲಿ ಮಾಸುತ್ತದೆ, ಉಳಿಯುವುದಿಲ್ಲ ಅಂದೆ. "ಮಾಸ್ಲಿ ಅತ್ತೆ, ಮಾಸೂದೂ ಕಾಣ್ಲಿ" ಅಂದಳು. ಆಯಿ ಒಳಗಿಂದ, "ಇಸ್ತ್ರಿ ಪೆಟ್ಗೆಗೆ ಏನಾದ್ರೂ ಅಂಟಿದ್ರೆ ಇಬ್ರಿಗೂ ಗ್ರಾಚಾರ" ಅಂತ ಕೂಗಿದರು.

ಒಂಬತ್ತು ಹಾಳೆಯ ಬಂಗಡೆ ಕಡಲು ಈಗ ನಮ್ಮ ಜಗಲಿ ಗೋಡೆಯ ಮೇಲಿದೆ. ಬಂದವರೆಲ್ಲ ಒಂದು ನಿಮಿಷ ನಿಲ್ಲುತ್ತಾರೆ. ಮೀನು ಮಾರಲು ಬರುವಾಕೆ ನಿಂತು ನೋಡಿ, "ಇದು ಬಂಗ್ಡೆ ಓಡೂದು" ಅಂದಳು. ಓಡುವುದು ಅಂದಳು, ಬಂಗಡೆಯ ಚಿತ್ರ ಅನ್ನಲಿಲ್ಲ.

ಜೆರಾಕ್ಸ್ ಅಂಗಡಿಯ ಯಜಮಾನರು ಫೋನ್ ಮಾಡಿದ್ದರು. ಮೂರು ದಿನ ಪಹಣಿ ತೆಗೆಸಲು ಬಂದವರೆಲ್ಲ ಮೂಗು ಮುಚ್ಚಿಕೊಂಡರಂತೆ. ಬೈಯುತ್ತಾರೆ ಅಂದುಕೊಂಡೆ. "ಮುಂದಿನ್ ಸಲ ಭಾನುವಾರ ಕಳಿಸಿ, ಅಂಗಡಿ ಬಂದ್ ಇರ್ತದೆ, ಆರಾಮ್ ಮಾಡ್ಲಿ" ಅಂದರು. ಮುಂದಿನ ಸಲ ಏಡಿ ಅಂತೆ. ಜೀವ ಇರುವ ಏಡಿ ಬೇಡ ಅಂತ ನಾನು ಹೇಳಿಯಾಗಿದೆ, "ಅದು ತನ್ನಷ್ಟಕ್ಕೇ ಓಡಾಡ್ತದಲ್ಲ ಅತ್ತೆ, ನಾ ಎಳೆಯೂದೇ ಬೇಡ" ಅಂತ ವಾದ ಮಾಡುತ್ತಾ ಕೂತಿದ್ದಾಳೆ.