ಆಯಿಲ್ ಪ್ರೆಷರ್ ಇಳಿದರೆ ದಪ್ಪ ಆಯಿಲ್ ಮದ್ದಲ್ಲ



ನಮ್ಮ ತಾಳವಾಡಿ ಸೀಮೆಯಲ್ಲಿ ಮೂವತ್ತು ನಲವತ್ತು ವರ್ಷ ದುಡಿದ ಟ್ರ್ಯಾಕ್ಟರುಗಳು ಇಂದಿಗೂ ಹೊಲ ಉಳುತ್ತಿವೆ. ಹಳೆಯ ಮ್ಯಾಸಿ ಇದೆ, ಎಚ್.ಎಂ.ಟಿ. ಇದೆ. ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಿತು. ಇಂಥ ಗಾಡಿಯ ಇಂಜಿನ್ ಬಿತ್ತನೆಯ ಹೊತ್ತಿಗೆ ಹಿಡಿದುಕೊಂಡರೆ ಒಂದು ಬೆಳೆ ಹೋಗುತ್ತದೆ, ಬಾಡಿಗೆ ಸಂಪಾದನೆ ನಿಲ್ಲುತ್ತದೆ, ಮನೆಗೆ ಸಾಲ ಬರುತ್ತದೆ. ಆದ್ದರಿಂದ ಈ ಸಲ ಆಯಿಲ್ ಪ್ರೆಷರ್ ಮತ್ತು ಫಿಲ್ಟರ್ ಬಗ್ಗೆ ಬರೆಯುತ್ತಿದ್ದೇನೆ.

ಮೀಟರಿನ ಮುಳ್ಳು ಕೆಳಗಿಳಿದಾಗ ಕೆಲವರು ಗೇರ್ ಪೆಟ್ಟಿಗೆಗೆ ಹಾಕುವ 90 ನಂಬರಿನ ದಪ್ಪ ಆಯಿಲನ್ನು ಇಂಜಿನ್ನಿಗೂ ಬೆರೆಸುತ್ತಾರೆ. ಮುಳ್ಳು ಮೇಲೇರುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ. ಇದು ರೋಗ ನೋಡದೆ ಜ್ವರದ ಮಾತ್ರೆ ನುಂಗಿದ ಹಾಗೆ. ಬೆಳಗಿನ ಚಳಿಯಲ್ಲಿ ಗಾಡಿ ಚಾಲೂ ಮಾಡಿದಾಗ ಆ ದಪ್ಪ ಆಯಿಲ್ ಬೇರಿಂಗಿಗೆ ಮುಟ್ಟುವುದೇ ತಡವಾಗುತ್ತದೆ. ಸವೆತ ಹೆಚ್ಚಾಗುವುದು ಆಗಲೇ.

ಪಂಪು ಕೊಡುವುದು ಆಯಿಲನ್ನು, ಪ್ರೆಷರನ್ನಲ್ಲ. ಪಂಪು ತಳ್ಳಿದ ಆಯಿಲ್ ಬೇರಿಂಗಿನ ಸಣ್ಣ ಸಂದಿಯಲ್ಲಿ ಹಾಯುವಾಗ ಆಗುವ ತಡೆಯೇ ಪ್ರೆಷರ್. ಬೇರಿಂಗ್ ಸವೆದು ಸಂದಿ ಅಗಲವಾದರೆ, ಕಾಲುವೆಯ ಬದು ಹತ್ತು ಕಡೆ ಒಡೆದಂತೆ, ಪ್ರೆಷರ್ ನಿಲ್ಲುವುದಿಲ್ಲ. ಆದರೆ ಪ್ರೆಷರ್ ಇಳಿದಾಗಲೆಲ್ಲ ಬೇರಿಂಗೇ ಹೋಗಿದೆ ಎಂದು ತಿಳಿಯಬಾರದು. ಹಳೆಯ ಮ್ಯಾಸಿ 35ರಲ್ಲಿದ್ದ ಪರ್ಕಿನ್ಸ್ 3.152 ಇಂಜಿನ್ ಬಿಸಿಯಾಗಿ ಪೂರ್ಣ ವೇಗದಲ್ಲಿ ಓಡುವಾಗ 30ರಿಂದ 60 ಪೌಂಡ್ ಪ್ರೆಷರ್ ತೋರಬೇಕು. ಸ್ಲೋ ಇಟ್ಟಾಗ ಅದಕ್ಕಿಂತ ಇಳಿಯುವುದು ಸಹಜ. ನಿಮ್ಮ ಗಾಡಿಯ ಲೆಕ್ಕವನ್ನು ಅದರ ಪುಸ್ತಕದಲ್ಲೇ ನೋಡಿ.

ಮುಳ್ಳು ಇಳಿದರೆ ಕೂಡಲೇ ಇಂಜಿನ್ ನಿಲ್ಲಿಸಿ. ಮೊದಲು ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಿ. ಹಾಕದೆಯೇ ಮಟ್ಟ ಏರಿದ್ದು ಡೀಸೆಲ್ ವಾಸನೆ ಬಂದರೆ, ಡೀಸೆಲ್ ಪಂಪಿನ ಡಯಾಫ್ರಂ ಹರಿದು ಒಳಗೆ ಡೀಸೆಲ್ ಸೇರುತ್ತಿರಬಹುದು. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಎರಡೂ ಇಲ್ಲದಿದ್ದರೆ ಬೇರೊಂದು ಒಳ್ಳೆಯ ಮೀಟರ್ ಹಾಕಿಸಿ ಪರೀಕ್ಷಿಸಿ, ಎಷ್ಟೋ ಸಲ ಕೆಟ್ಟಿರುವುದು ಮೀಟರೇ. ಆಮೇಲೆ ಫಿಲ್ಟರ್, ರಿಲೀಫ್ ವಾಲ್ವಿನ ಸ್ಪ್ರಿಂಗ್, ತಳದ ಚೇಂಬರಿನಲ್ಲಿರುವ ಜಾಲರಿ, ಪಂಪು. ಬೇರಿಂಗ್ ಕೊನೆಗೆ. ಕಡಿಮೆ ಖರ್ಚಿನದನ್ನು ಮೊದಲು ನೋಡದೆ "ಇಂಜಿನ್ ಬಿಚ್ಚಬೇಕು" ಎನ್ನುವ ಮೆಕ್ಯಾನಿಕ್ಕನಿಗೆ ಒಪ್ಪಿಗೆ ಕೊಡಬೇಡಿ.

ಇನ್ನು ಫಿಲ್ಟರ್. ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೋ, ಈ ಕಡೆ ಚಾಮರಾಜನಗರಕ್ಕೋ ಹೋದರೆ ಅಂಗಡಿಯವರು "ಮರೆ ಕೂತರೆ ಸಾಕು" ಎಂದು ಯಾವುದೋ ಡಬ್ಬಿ ಕೊಡುವುದುಂಟು. ಮರೆ ಕೂತರೆ ಸಾಲದು. ರಬ್ಬರ್ ಬಳೆಯ ಅಳತೆ ಸರಿಯಿರಬೇಕು. ಫಿಲ್ಟರ್ ಕಟ್ಟಿಕೊಂಡಾಗ ಆಯಿಲಿಗೆ ದಾರಿ ಬಿಡುವ ಬೈಪಾಸ್ ವಾಲ್ವ್ ಕೆಲವು ಇಂಜಿನ್ನುಗಳಲ್ಲಿ ಫಿಲ್ಟರಿನ ತಲೆಯಲ್ಲೇ ಇರುತ್ತದೆ, ಕೆಲವಕ್ಕೆ ಡಬ್ಬಿಯೊಳಗೆ ಇರಬೇಕು. ಎರಡು ಕಡೆಯೂ ಇಲ್ಲದಂತೆ ಜೋಡಿಸಿದರೆ ಕಟ್ಟಿಕೊಂಡ ದಿನ ಬೇರಿಂಗು ಒಣಗುತ್ತದೆ. ಅಡ್ಡಲಾಗಿ ಕೂರುವ ಫಿಲ್ಟರಿನಲ್ಲಿ ಆಯಿಲ್ ಹಿಂದಕ್ಕೆ ಸೋರದಂತೆ ತಡೆಯುವ ರಬ್ಬರ್ ಪರದೆಯೂ ಬೇಕು. ಆದ್ದರಿಂದ ಹಳೆಯ ಫಿಲ್ಟರನ್ನೂ ಪುಸ್ತಕದ ಪಾರ್ಟ್ ನಂಬರನ್ನೂ ಜೊತೆಗೆ ಒಯ್ಯಿರಿ.

ಬಟ್ಟಲಿನೊಳಗೆ ಎಲಿಮೆಂಟ್ ಕೂರಿಸುವ ಹಳೆಯ ಮಾದರಿಯಾದರೆ ಹಳೆಯ ರಬ್ಬರ್ ಬಳೆಯನ್ನು ಮರೆಯದೆ ಕಿತ್ತು ತೆಗೆಯಿರಿ. ಅದರ ಮೇಲೆ ಹೊಸದು ಕೂತರೆ ಆಯಿಲ್ ಚಿಮ್ಮಿ ಖಾಲಿಯಾಗುತ್ತದೆ. ತಿರುಗಿಸುವ ಡಬ್ಬಿಯಾದರೆ ಬಳೆಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿಮಾಡಿ. ಆಯಿಲ್ ತುಂಬಿಸಿ, ಸ್ಟಾಪ್ ಗುಂಡಿ ಎಳೆದು ಹಿಡಿದು, ಮುಳ್ಳು ಏಳುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದು ಆಮೇಲೆ ಚಾಲೂ ಮಾಡಿ.

ಗಂಟೆ ಮೀಟರ್ ಕೆಟ್ಟಿದೆ ಎಂಬುದು ನೆಪವಾಗಬಾರದು. ಗಂಟೆಗೆ ಮೂರು ಲೀಟರ್ ಡೀಸೆಲ್ ಉರಿಯುವ ಗಾಡಿಯಲ್ಲಿ 600 ಲೀಟರ್ ಎಂದರೆ 200 ಗಂಟೆಯ ದುಡಿಮೆ. ಡೀಸೆಲ್ ಹಾಕಿಸಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪುಸ್ತಕ ಹೇಳಿದ ಗಂಟೆ ತುಂಬಿದಾಗ ಆಯಿಲ್, ಫಿಲ್ಟರ್ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಧೂಳಿನಲ್ಲಿ ಒಕ್ಕಣೆ ಮಾಡುವ ಗಾಡಿಗೆ ಇನ್ನೂ ಬೇಗ.

ಆರೋಗ್ಯದ ಒಂದು ಮಾತು. ತೆಗೆದ ಕಪ್ಪು ಆಯಿಲನ್ನು ದನದ ಗಾಯಕ್ಕೆ ಹಚ್ಚುವ ರೂಢಿ ಬಿಡಿ. ಅದರಲ್ಲಿ ಲೋಹದ ಪುಡಿಯೂ ವಿಷಪದಾರ್ಥಗಳೂ ಇರುತ್ತವೆ. ಪ್ರಯೋಗದ ಇಲಿಗಳ ಚರ್ಮಕ್ಕೆ ಬಹುಕಾಲ ಹಚ್ಚಿದಾಗ ಕ್ಯಾನ್ಸರ್ ಬಂದದ್ದುಂಟು. ಕೈಗೆ ತಾಗಿದ್ದನ್ನು ಡೀಸೆಲಿನಲ್ಲಲ್ಲ, ಸೋಪಿನಲ್ಲಿ ತೊಳೆದು ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಬಾವಿ, ಹಳ್ಳದ ಹತ್ತಿರ ಚೆಲ್ಲದೆ ಕ್ಯಾನಿನಲ್ಲಿ ತುಂಬಿ ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.

ಒಳ್ಳೆಯ ಫಿಲ್ಟರಿಗೂ ಕಳಪೆ ಫಿಲ್ಟರಿಗೂ ಇರುವ ವ್ಯತ್ಯಾಸ ಕೆಲವು ನೂರು ರೂಪಾಯಿ. ಇಂಜಿನ್ ಕೆಲಸಕ್ಕೆ ಹೋಗುವುದು ಹತ್ತಾರು ಸಾವಿರ. ಮುಂದಿನ ಉಳುಮೆಗೆ ಮುಂಚೆ ನಿಮ್ಮ ಗಾಡಿಯ ಕಡ್ಡಿಯನ್ನೂ ಮುಳ್ಳನ್ನೂ ಒಮ್ಮೆ ನೋಡಿರಿ.