ಸರ್ವರ್ ಇಲ್ಲ, ನಾಳಿ ಬಾ

ಹಿಂದೊಮ್ಮೆ ದೆವ್ವದ ಸುದ್ದಿ ಹಬ್ಬಿದಾಗ ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ರಾತ್ರಿ ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ಹಿಂದಿರುಗಬೇಕು. ಮರುದಿನ ಬಂದು ಮತ್ತೆ ಓದಬೇಕು, ಮತ್ತೆ ಹಿಂದಿರುಗಬೇಕು. ಇವತ್ತು ಅದೇ ಮಾತು ಸರಕಾರಿ ಜಾಲತಾಣಗಳ ಬಾಗಿಲ ಮೇಲಿದೆ. ಇಂಡಿಗೆ ಹೋಗಿ, ಸಿಂದಗಿಗೆ ಹೋಗಿ, ಮುದ್ದೇಬಿಹಾಳಕ್ಕೆ ಹೋಗಿ, ಬಸವನ ಬಾಗೇವಾಡಿಗೆ ಹೋಗಿ. ಆನ್‌ಲೈನ್ ಸೆಂಟರಿನ ಮುಂದೆ ನಿಂತವರ ಕಿವಿಗೆ ಬೀಳುವುದು ಒಂದೇ ಮಾತು: 'ಸರ್ವರ್ ಇಲ್ರಿ, ನಾಳಿ ಬರ್ರಿ.' ಹಾಗಾದರೆ ಈ ವ್ಯವಸ್ಥೆಯ ಕಣ್ಣಿಗೆ ದೆವ್ವ ಯಾರು? ಬಾಗಿಲು ಬಡಿಯುವ ನಾವು!

ನಾವು ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಓದಿದವರು. ಅವ್ವ ಹೆಬ್ಬಟ್ಟು ಒತ್ತುತ್ತಿದ್ದ ಜಾಗದಲ್ಲಿ ಸಹಿ ಮಾಡಲು ಕಲಿತೆವು. ಸಹಿ ಕಲಿತ ಮೇಲೆ, ಸಹಿ ಬೇಡ ಓಟಿಪಿ ಹೇಳು ಅಂದರು. ಅವ್ವನಿಗೆ ಮತ್ತೆ ಹೆಬ್ಬಟ್ಟು ಒತ್ತು ಅಂದರು. ಒತ್ತಿದರೆ, 'ಯವ್ವಾ, ನಿನ್ನ ಬಟ್ಟಿನ ಗುರುತು ಬರವಲ್ದು' ಅನ್ನುತ್ತದೆ ಯಂತ್ರ. ಕಬ್ಬು ಕಡಿದು, ಕಲ್ಲು ಹೊತ್ತು, ಕಸ ತೆಗೆದು ಸವೆದ ಬೆರಳು ಅದು. ದುಡಿದವರ ಬೆರಳು ಸುಳ್ಳು, ದುಡಿಯದವರ ಬೆರಳು ಸತ್ಯ. ಇದು ಯಂತ್ರದ ತಪ್ಪೆಂದು ಸುಮ್ಮನಿರಬೇಕೆ? ಯಂತ್ರವನ್ನು ಯಾರ ಬೆರಳು ನೋಡಿ ಮಾಡಿದರು ಎಂದು ಕೇಳಬೇಡವೆ?

ಅರ್ಜಿ ತುಂಬಿ ಕೊನೆಗೆ ಬಂದರೆ ಇನ್ನೊಂದು ಪರೀಕ್ಷೆ. ಅದರ ಹೆಸರು ಕ್ಯಾಪ್ಚಾ. ನೀನು ಯಂತ್ರವಲ್ಲ, ಮನುಷ್ಯ ಎಂದು ತೋರಿಸು ಅನ್ನುತ್ತದೆ. ಒಂದು ತಾಣದಲ್ಲಿ ಸೊಟ್ಟಗೆ ಗೀಚಿದ ಇಂಗ್ಲಿಷ್ ಅಕ್ಷರ: ಇದು ಸೊನ್ನೆಯೋ, ಓ ಎಂಬ ಅಕ್ಷರವೋ? ಇನ್ನೊಂದರಲ್ಲಿ ಒಂಬತ್ತು ಚಿತ್ರ: ಇವುಗಳಲ್ಲಿ ಟ್ರಾಫಿಕ್ ದೀಪ ಯಾವುದು, ಜೀಬ್ರಾ ಪಟ್ಟೆ ಯಾವುದು, ಬೆಂಕಿ ಆರಿಸುವ ನಲ್ಲಿ ಯಾವುದು? ಅದು ಅಮೆರಿಕದ ಬೀದಿ. ನಮ್ಮೂರ ಬೀದಿಯಲ್ಲಿ ಕುಡಿಯುವ ನೀರಿನ ನಲ್ಲಿಗೇ ಪಾಳಿ ಹಚ್ಚಬೇಕು. ಮನುಷ್ಯರೆಂದು ಸಾಬೀತು ಮಾಡಿ ಎಂಬ ಮಾತು ನಮಗೇನೂ ಹೊಸದಲ್ಲ. ಬಾವಿಯ ಕಟ್ಟೆಯ ಮೇಲೆ ಕೇಳಿದರು. ಹೋಟೆಲಿನ ಬೇರೆ ಕಪ್ಪಿನಲ್ಲಿ ಕೇಳಿದರು. ಗುಡಿಯ ಹೊಸ್ತಿಲಲ್ಲಿ ಕೇಳಿದರು. ಆದರೆ ಅವರು ಕನ್ನಡದಲ್ಲಾದರೂ ಕೇಳಿದ್ದರು!

ಈಗ ಹೆಸರಿನ ಮಾತಿಗೆ ಬರೋಣ. ಯಲ್ಲವ್ವ ಎಂಬ ಹೆಸರು ತಗೊಳ್ರಿ. ಕನ್ನಡದಲ್ಲಿ ಅದನ್ನು ಬರೆದಂತೆಯೇ ಓದುತ್ತೇವೆ. ಇಂಗ್ಲಿಷಿನಲ್ಲಿ? ಶಾಲೆಯ ಗುಮಾಸ್ತ ವೈ, ಎ ಎಂದು ಶುರು ಮಾಡಿದ. ಆಧಾರ್ ಮಾಡಿದವ ವೈ, ಇ ಎಂದ. ಬ್ಯಾಂಕಿನವರು ಕೊನೆಗೆ ಎರಡು ವಿ ಹಾಕಿದರು, ಜಾತಿ ಪ್ರಮಾಣಪತ್ರದವರು ಎರಡು ಡಬ್ಲ್ಯು ಹಾಕಿದರು. ಒಬ್ಬ ಯಲ್ಲವ್ವ ನಾಲ್ಕು ಜನರಾದಳು. ತಾಣ ಹೇಳುತ್ತದೆ: ಹೆಸರು ಹೊಂದುತ್ತಿಲ್ಲ, ಅರ್ಜಿ ತಿರಸ್ಕೃತ. ಆಕೆಯ ಜಾತಿ ಪ್ರಮಾಣಪತ್ರಕ್ಕೆ ಆರ್‌ಡಿ ನಂಬರು ಇದೆ, ಆಧಾರಿಗೆ 12 ಅಂಕಿ ಇದೆ, ಕಾಲೇಜಿನ ರಜಿಸ್ಟರ್ ನಂಬರು ಇದೆ. ಇಷ್ಟು ನಂಬರು ಹೊತ್ತ ಹುಡುಗಿಗೆ ವಿದ್ಯಾರ್ಥಿವೇತನ ಮಾತ್ರ ಇಲ್ಲ. ಕನ್ನಡ ನಾಡಿನಲ್ಲಿ, ಕನ್ನಡದ ಹೆಸರನ್ನು, ಕನ್ನಡಿಗರ ಸರಕಾರ ಇಂಗ್ಲಿಷ್ ಅಕ್ಷರದಲ್ಲಿ ತಾಳೆ ಹಾಕುತ್ತದೆ. ರಾಜ್ಯೋತ್ಸವದ ದಿನ ಬಾವುಟ ಹಾರಿಸುವವರಿಗೆ ಇದು ಕಾಣುವುದಿಲ್ಲವೆ?

ಆನ್‌ಲೈನ್ ಬಂದರೆ ದಲ್ಲಾಳಿ ಹೋಗುತ್ತಾನೆ ಎಂದಿದ್ದರು. ದಲ್ಲಾಳಿ ಎಲ್ಲಿಗೂ ಹೋಗಲಿಲ್ಲ. ಕಚೇರಿಯ ಬೇವಿನ ಮರದ ಕೆಳಗಿದ್ದವ ಕಂಪ್ಯೂಟರಿನ ಹಿಂದೆ ಕುಂತ. ನಮ್ಮ ಪಾಸ್‌ವರ್ಡ್ ಅವನ ನೋಟ್‌ಬುಕ್ಕಿನಲ್ಲಿ. ನಮ್ಮ ಅರ್ಜಿಯ ಓಟಿಪಿ ಅವನ ಮೊಬೈಲಿಗೆ. ಆದರೂ ಅವನನ್ನು ಬೈಯಲು ನಮಗೆ ಮನಸ್ಸಿಲ್ಲ. ಎಷ್ಟೋ ಸಲ ಅವನೂ ನಮ್ಮಂತೆಯೇ ಬಿ.ಎ. ಮುಗಿಸಿ ಕೆಲಸ ಸಿಗದ ಹುಡುಗ. ಫೋಟೊ 50 ಕೆಬಿ ಒಳಗಿರಬೇಕು, ಪಾಸ್‌ವರ್ಡಿನಲ್ಲಿ ಒಂದು ದೊಡ್ಡಕ್ಷರ, ಒಂದು ಚಿಹ್ನೆ ಇರಬೇಕು, ಇಷ್ಟು ನಿಮಿಷದೊಳಗೆ ತುಂಬದಿದ್ದರೆ ಬರೆದದ್ದೆಲ್ಲ ಅಳಿಸಿಹೋಗಬೇಕು ಎಂದು ಕಟ್ಟಳೆ ಮಾಡಿದವನು ಅವನಲ್ಲ. ಮಾಡಿದವರು ತಂಪು ಕೋಣೆಯಲ್ಲಿದ್ದಾರೆ. ಅವರಿಗೆ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಚಾರ್ಜು ಕೊಟ್ಟು, ತಾಲೂಕಿಗೆ ಬಂದು ಹಾಗೇ ಹಿಂದಿರುಗುವುದೆಂದರೆ ಏನೆಂದು ಗೊತ್ತಿಲ್ಲ.

ಗೆಳೆಯರೆ, ಜಾಲ ನಮ್ಮನ್ನು ನೋಡುತ್ತದೆ, ನಾವು ಜಾಲವನ್ನು ನೋಡುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. 15 ರೂಪಾಯಿಗೆ ಒಂದು ಪಹಣಿ ಸಿಗತೊಡಗಿದಾಗ ದೇಶವೆಲ್ಲ ಹೊಗಳಿತು. ಹೊಗಳಲಿ, ಶಾನುಭೋಗಿಕೆಯ ಸೊಕ್ಕು ಅದರಿಂದ ಮುರಿದದ್ದು ನಿಜ. ಆದರೆ ಪಹಣಿಯೇ ಇಲ್ಲದವನಿಗೆ ಆ ಕಂಪ್ಯೂಟರಿನಲ್ಲಿ ಯಾವ ಪುಟವಿತ್ತು? ಉಳುವವನ ಮನೆ ಮೊದಲು ಹೊಕ್ಕಿತು ಕಂಪ್ಯೂಟರು, ಕೂಲಿಯವನ ಕಡೆ ಹೊರಳಿದಾಗ ಅದು ಕ್ಯಾಮರಾ ಆಗಿತ್ತು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ಮೊಬೈಲಿನಲ್ಲಿ ಏರಿಸುವುದನ್ನು ಕಡ್ಡಾಯ ಮಾಡಿದರು. 2024ರ ಜನವರಿ 1ರಿಂದ ಕೂಲಿ ಪಾವತಿಗೆ ಆಧಾರ್ ಜೋಡಣೆಯನ್ನು ಕಡ್ಡಾಯ ಮಾಡಿದರು. ಗುಡ್ಡದ ಮಗ್ಗುಲಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ದುಡಿದದ್ದು ದುಡಿದದ್ದಲ್ಲ. ಉಳ್ಳವರಿಗೆ ಜಾಲ ದಾಖಲೆ, ಇಲ್ಲದವರಿಗೆ ಜಾಲ ಕಾವಲು.

'ಹಂಗಾದ್ರ ಈ ಜಾಲಾನ ಬ್ಯಾಡ' ಎನ್ನುವ ಗೆಳೆಯರೂ ನಮ್ಮಲ್ಲಿದ್ದಾರೆ. ಮೊಬೈಲು ಮಕ್ಕಳನ್ನು ಕೆಡಿಸಿತು ಎನ್ನುವ ಮಾಸ್ತರರೂ ಇದ್ದಾರೆ. ಅವರಿಗೆ ಒಂದು ಮಾತು. 2021ರ ಜೂನ್ ತಿಂಗಳಲ್ಲಿ ಭಾರತದ ಅತಿ ಕೊಳಕು ಭಾಷೆ ಯಾವುದೆಂದು ಗೂಗಲನ್ನು ಕೇಳಿದರೆ ಕನ್ನಡ ಎಂಬ ಉತ್ತರ ಬರುತ್ತಿತ್ತು. ನಾಡು ಸಿಟ್ಟಿಗೆದ್ದಿತು, ಗೂಗಲ್ ಕ್ಷಮೆ ಕೇಳಿತು. ಆ ಉತ್ತರ ಗೂಗಲಿನ ಸ್ವಂತದ್ದಲ್ಲ. ಯಾವುದೋ ಒಂದು ತಾಣದಲ್ಲಿ ಯಾರೋ ಬರೆದದ್ದನ್ನು ಯಂತ್ರ ಎತ್ತಿ ತೋರಿಸಿತ್ತು. ಅಂದರೆ ಜಾಲದಲ್ಲಿ ಯಾರು ಬರೆದಿಡುತ್ತಾರೋ ಅವರದೇ ಉತ್ತರ. ಇಡೀ ಕನ್ನಡಕ್ಕೇ ಈ ಗತಿಯಾದರೆ ನಮ್ಮ ಕೇರಿಗೆ? ಆಲಮಟ್ಟಿ ಎಂದು ಹುಡುಕಿ ನೋಡಿ. ಉದ್ಯಾನ ಬರುತ್ತದೆ, ಬಣ್ಣದ ಕಾರಂಜಿ ಬರುತ್ತದೆ. ಆ ನೀರಿನ ಕೆಳಗೆ ಮುಳುಗಿದ ಊರುಗಳ ಕೇರಿ, ಅಗಸಿ, ಗೋರಿ ಬರುವುದಿಲ್ಲ. ಯಾಕೆ? ನಾವು ಬರೆದಿಲ್ಲ.

ಕನ್ನಡವನ್ನು ಜಾಲಕ್ಕೆ ತಂದವರಿಗೆ ನಾವು ಋಣಿಗಳು. 1998ರಲ್ಲಿ 'ಬರಹ' ತಂತ್ರಾಂಶ ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು, 2005ರಲ್ಲಿ 'ಸಂಪದ' ಬಂತು. ಆಮೇಲೆ ಬ್ಲಾಗುಗಳ ಸುಗ್ಗಿ. ಬರೆದವರು ಬಹುಪಾಲು ಬೆಂಗಳೂರಿನ, ಹೊರದೇಶದ ಸಾಫ್ಟ್‌ವೇರ್ ನೌಕರರು. ಅಲ್ಲಿ ಮಲೆನಾಡಿನ ಮಳೆ ಇತ್ತು, ಅಜ್ಜಿಯ ಹಪ್ಪಳ ಇತ್ತು, ಪರದೇಶದ ಹಿಮ ಇತ್ತು. ದುಡಿಯಲು ಗೋವಾಕ್ಕೆ, ಪುಣೆಗೆ ಬಸ್ಸು ಹತ್ತುವ ನಮ್ಮ ಜನ ಇರಲಿಲ್ಲ. ಅವರು ಕಂಡದ್ದನ್ನು ಅವರು ಬರೆದರು. ನಾವು ಕಂಡದ್ದನ್ನು ಅವರು ಬರೆಯಲಿ ಎಂದು ಕಾಯುವುದು ಭಿಕ್ಷೆ.

ಈಗ ನಮ್ಮ ಹುಡುಗರೂ ಬರೆಯುತ್ತಿದ್ದಾರೆ, ಹಾಡುತ್ತಿದ್ದಾರೆ. ಆದರೆ ಎಲ್ಲಿ? ಇನ್ನೊಬ್ಬರ ಗೋಡೆಯ ಮೇಲೆ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಮುಚ್ಚಿತು. ಹೊಲದ ಬದುವಿನಲ್ಲಿ ನಿಂತು ಹಾಡಿ ಕುಣಿದ ನಮ್ಮ ಹುಡುಗ ಹುಡುಗಿಯರ ಟಿಕ್‌ಟಾಕ್ 2020ರ ಜೂನ್ 29ರ ಒಂದು ಆದೇಶದಿಂದ ನಿಂತಿತು. ಗೋಡೆ ಬಿದ್ದರೆ ಗೋಡೆಯ ಮೇಲಿನ ಬರಹವೂ ಮಣ್ಣು. ಫೇಸ್‌ಬುಕ್ಕಿನಲ್ಲಿ ನೀವು ಬರೆದ ಕವಿತೆ ಮೂರು ದಿನಕ್ಕೆ ಹೂತುಹೋಗುತ್ತದೆ, ಆರು ತಿಂಗಳ ನಂತರ ಬರೆದವನಿಗೇ ಸಿಗುವುದಿಲ್ಲ.

ಈ ಪಾಠ ನಮ್ಮ ಜಿಲ್ಲೆಗೆ ಹೊಸದಲ್ಲ. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಓಲೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರ ಸಾರ' ಹೊರತಂದರು. ಮುಂದೆ ಅಚ್ಚಿಗಾಗಿ ಮಂದಿಯ ಬಾಗಿಲು ಕಾಯುತ್ತ ಕೂಡಲಿಲ್ಲ. 1925ರಲ್ಲಿ ಸ್ವಂತ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ತೆಗೆದರು. ಸಿಂದಗಿ ಸೀಮೆಯಿಂದ ಬಂದ ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು ಬಂದವು. ಈಗ 'ವಚನ ಸಂಚಯ' ಎಂಬ ತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಒಂದೊಂದು ಪದ ಹಿಡಿದು ಹುಡುಕಬಹುದು. ಬಾಗೇವಾಡಿಯ ಬಸವಣ್ಣನ ಜೊತೆ ಮಾದಾರ ಚೆನ್ನಯ್ಯ, ಆಯ್ದಕ್ಕಿ ಲಕ್ಕಮ್ಮ ಇವತ್ತಿಗೂ ಮಾತಾಡುತ್ತಿದ್ದರೆ ಅದಕ್ಕೆ ಕಾರಣ ಯಾರೋ ಬರೆದಿಟ್ಟರು, ಯಾರೋ ಕಾಪಾಡಿದರು, ಯಾರೋ ಎಲ್ಲರ ಕೈಗೆ ಸಿಗುವಂತೆ ಮಾಡಿದರು.

ಆದ್ದರಿಂದ ಸರಕಾರಕ್ಕೆ ನಮ್ಮ ಹಕ್ಕೊತ್ತಾಯ ಇದು. ಹೆಸರನ್ನು ಕನ್ನಡದಲ್ಲಿ ತಾಳೆ ಹಾಕಿ. ಅರ್ಜಿ ಯಾಕೆ ಬಿತ್ತು, ಮುಂದೇನು ಮಾಡಬೇಕು ಎಂಬುದನ್ನು ನಮ್ಮವ್ವನಿಗೆ ಓದಿ ಹೇಳಿದರೆ ತಿಳಿಯುವ ಕನ್ನಡದಲ್ಲಿ ಬರೆಯಿರಿ. ಅರ್ಧ ತುಂಬಿದ ಅರ್ಜಿ ಅಳಿಯಬಾರದು. ಸರ್ವರ್ ಇಲ್ಲದ ದಿನ ಬಂದವರಿಗೆ ಬಂದಿದ್ದರೆಂದು ಚೀಟಿ ಕೊಡಿ, ಅಷ್ಟು ದಿನ ಕೊನೆಯ ತಾರೀಖು ಮುಂದೆ ಹಾಕಿ. ಬೆರಳು ಹೊಂದದಿದ್ದರೆ ಕಾಗದ ತಗೊಳ್ಳಿ. ಇದು ದಯೆಯಲ್ಲ, ನಮ್ಮ ಹಕ್ಕು.

ನಮಗೆ ನಾವೇ ಹೇಳಿಕೊಳ್ಳಬೇಕಾದದ್ದೂ ಇದೆ. ಯುನಿಕೋಡಿನಲ್ಲಿ ಬರೆಯೋಣ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಹೊಡೆದದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಹೊಟ್ಟೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆ. ಯಾರು ಹುಡುಕಿದರೂ ಸಿಗುವುದಿಲ್ಲ. ನುಡಿಯಲ್ಲೇ ಯುನಿಕೋಡ್ ಇದೆ, ಮೊಬೈಲಿನ ಕನ್ನಡ ಕೀಲಿಮಣೆಯೂ ಯುನಿಕೋಡೇ. ಮಾಸ್ತರರೆ, ಶಾಲೆಯ ಮಕ್ಕಳಿಗೆ ಮೊಬೈಲು ಮುಟ್ಟಬೇಡ ಎನ್ನುವ ಬದಲು ನಿನ್ನೂರಿನ ಬಗ್ಗೆ ವಿಕಿಪೀಡಿಯದಲ್ಲಿ ನಾಲ್ಕು ಸಾಲು ಬರಿ ಅನ್ನಿ. ಸಂಘದ ಗೆಳೆಯರೆ, ಫೇಸ್‌ಬುಕ್ಕಿನಲ್ಲಿ ಹಾಕಿದ್ದನ್ನು ನಮ್ಮದೇ ಒಂದು ತಾಣದಲ್ಲೂ ಇಡೋಣ, ಒಂದು ಪ್ರತಿ ಮನೆಯಲ್ಲೂ ಇಡೋಣ. ಗೆದ್ದಲು ಹಿಡಿಯುವ ಮೊದಲು ಹಳೆಯ ಸಂಚಿಕೆಗಳನ್ನು ಅಕ್ಷರಕ್ಕಿಳಿಸೋಣ. ಬಿಜಾಪುರದ ಮಾತಿನಲ್ಲೇ ಬರೆಯೋಣ, ನಾಚಬೇಕಾಗಿಲ್ಲ.

ಜಾಲ ಇಷ್ಟು ದಿನ ನಮ್ಮಿಂದ ಅರ್ಜಿ ಕೇಳಿತು. ಇನ್ನು ಮುಂದೆ ನಮ್ಮ ಮಾತು ಕೇಳಲಿ.