ಬೋರ್ಡು ಕನ್ನಡವಾಯಿತು, ಕಂಪ್ಯೂಟರಿನ ಹೊಟ್ಟೆಯೊಳಗೇನಿದೆ?



2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದು ಇಂಗ್ಲಿಷ್ ಬೋರ್ಡು ಕಿತ್ತಿರಿ. ಸರ್ಕಾರ ಬೆಚ್ಚಿತು. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನು ತಿದ್ದಿತು. ಭೇಷ್! ಅದಕ್ಕಾಗಿ ಜೈಲಿಗೆ ಹೋದವರಿಗೆ ಈ ಹಾವೇರಿ ಜಿಲ್ಲೆಯವನ ಶರಣು. ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಅಂಗಡಿ ಬೋರ್ಡಿನ ಅಕ್ಷರ ಅಳೆಯುವ ನೀವು, ನಿಮ್ಮ ಕಾಲೇಜಿನ ಕಂಪ್ಯೂಟರಿನೊಳಗೆ ಎಷ್ಟು ಕನ್ನಡ ಇದೆ ಎಂದು ಎಂದಾದರೂ ಅಳೆದಿದ್ದೀರಾ?

ನಾನು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಪಿಯುಸಿಗೇ ಓದು ಮುಗಿಸಿದವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಪರೀಕ್ಷೆ ಬಂದಾಗ ಕಾಲೇಜು ಹುಡುಗರ ನೋಟ್ಸು, ಇದೇ ನನ್ನ ಅನ್ನ. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ, ಈ ನಾಲ್ಕೂ ಕಡೆಯ ಮಕ್ಕಳು ನನ್ನ ಪ್ರೆಸ್ಸಿನ ಮೆಟ್ಟಿಲು ಹತ್ತುತ್ತಾರೆ.

ಹೋದ ಪರೀಕ್ಷೆಯ ಹೊತ್ತಿಗೆ ಹಿರೇಕೆರೂರ ಕಡೆಯ ಹುಡುಗಿಯೊಬ್ಬಳು ಬಂದಳು. ಬಿ.ಎ. ಓದುವವಳು. ಮೊಬೈಲಿನಲ್ಲಿ ಅರ್ಥಶಾಸ್ತ್ರದ ಪಿಡಿಎಫ್ ಪಾಠ ಇತ್ತು, ಕನ್ನಡದಲ್ಲೇ ಇತ್ತು. "ಅಣ್ಣಾರ, ಇದರಾಗ ತೆರಿಗೆ ಅನ್ನೋದು ಎಲ್ಲೆಲ್ಲಿ ಐತಿ ಅಂತ ಹುಡುಕಿದರ ಒಂದೂ ಸಿಗವಲ್ದು. ಕಣ್ಣಿಗಿ ಕಾಣತೈತಿ, ಮೊಬೈಲಿಗಿ ಕಾಣವಲ್ದು" ಎಂದಳು. ಒಂದು ಪ್ಯಾರಾ ಎತ್ತಿ ತನ್ನ ಸೆಮಿನಾರ್ ಬರಹಕ್ಕೆ ಹಾಕಿಕೊಂಡರೆ ಬಂದದ್ದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆಗಳ ಕಲಸುಮೇಲೋಗರ!

ಇದೇನು ಮಾಟ ಅಂತೀರಾ? ಮಾಟವಲ್ಲ, ಮೋಸ. ನಮ್ಮ ಹಳೇ ಡಿಟಿಪಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂಡಿಸಿರುತ್ತಾರೆ. ತೊಗಲು ಕನ್ನಡದ್ದು, ಎಲುಬು ಇಂಗ್ಲಿಷಿನದು. ಕಾಗದದ ಮೇಲೆ ಚೆಂದ ಬರುತ್ತದೆ. ಆದರೆ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗೆ ಕಂಪ್ಯೂಟರ್ ಓದಿ ಹೇಳಲು ಹೊರಟರೆ ತೊದಲುತ್ತದೆ. ಪುಸ್ತಕದ ಫೋಟೋ ಹೊಡೆದು ಹಾಕಿದ ಪಿಡಿಎಫ್ ಇನ್ನೂ ದರಿದ್ರ, ಅದರಲ್ಲಿ ಅಕ್ಷರವೇ ಇಲ್ಲ, ಬರೀ ಪಟ.

ಇದಕ್ಕೆ ಮದ್ದು ಇಲ್ಲವೇ? ಇದೆ! ಯೂನಿಕೋಡ್‌ನಲ್ಲಿ 1991ರಿಂದಲೂ ಕನ್ನಡಕ್ಕೆ ಜಾಗ ಇದೆ. ಕೆ.ಪಿ. ರಾವ್ ಕೀಲಿಮಣೆ ಕೊಟ್ಟರು. ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಳ್ಳುವವರೆಗೂ ಕಂಪ್ಯೂಟರಿನ ಕನ್ನಡಕ್ಕಾಗಿ ಸರ್ಕಾರವನ್ನು ಗದರುತ್ತಲೇ ಇದ್ದರು. 2012ರಲ್ಲಿ ನಮ್ಮ ಸರ್ಕಾರವೇ ಯೂನಿಕೋಡ್ ಒಪ್ಪಿಕೊಂಡಿತು. ಒಪ್ಪಿ ಏನು ಮಾಡಿತು? ಕಡತಕ್ಕೆ ದಾರ ಕಟ್ಟಿತು.

ತಪ್ಪು ಅವರದ್ದೊಂದೇ ಅಲ್ಲ, ನನ್ನದೂ ಇದೆ. ವರ್ಷಾನುಗಟ್ಟಲೆ ಸಾವಿರಾರು ಪುಟ ನೋಟ್ಸನ್ನು ನಾನೂ ಹಳೇ ಫಾಂಟಿನಲ್ಲೇ ಹೊಡೆಸಿದೆ. ಹಳೇ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಒಗ್ಗುವುದಿಲ್ಲ, ಆಪರೇಟರನ ಬೆರಳಿಗೆ ಹಳೆಯದೇ ರೂಢಿ, ಗಿರಾಕಿಗೆ ನಾಳೆಯೇ ಬೇಕು. ಆ ಹುಡುಗಿ ಹೋದ ರಾತ್ರಿ ನನಗೆ ಊಟ ಸೇರಲಿಲ್ಲ.

ಈಗ ದೊಡ್ಡವರ ವಿಷಯಕ್ಕೆ ಬನ್ನಿ. 2021ರ ಜೂನಿನಲ್ಲಿ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಟ್ಯಾಬ್ಲೆಟ್ ಹಂಚುವ ಯೋಜನೆಗೆ ಚಾಲನೆ ಕೊಟ್ಟರು. ಫೋಟೋ ಬಂತು, ಚಪ್ಪಾಳೆ ಬಿತ್ತು. ಮುಂದಿನ ತಿಂಗಳೇ ಶಿಗ್ಗಾವಿಯ ಶಾಸಕರು ಮುಖ್ಯಮಂತ್ರಿಯಾದರು, 2023ರವರೆಗೆ ಕುರ್ಚಿಯಲ್ಲಿದ್ದರು. ಕೈಗೆ ಹಲಗೆ ಕೊಟ್ಟಿರಿ, ಹಲಗೆಯ ಮೇಲೆ ಬರೆಯುವವರು ಯಾರು ಸ್ವಾಮಿ? ದಿಲ್ಲಿಯ 'ಸ್ವಯಂ' ಪಾಠಗಳು 2017ರಿಂದ ಪುಕ್ಕಟೆ ಇವೆ, ಒಳ್ಳೆಯವೇ ಇವೆ, ಆದರೆ ಬಹುಪಾಲು ಇಂಗ್ಲಿಷಿನವು. ಐಐಟಿಗಳ ಕೆಲವು ಪಾಠ ಕನ್ನಡಕ್ಕೆ ಬಂದಿವೆ, ಅವು ಹೆಚ್ಚಾಗಿ ಇಂಜಿನಿಯರಿಂಗ್‌ನವು. ಕನ್ನಡದಲ್ಲಿ ಪರೀಕ್ಷೆ ಬರೆಯುವ ಹಾನಗಲ್ಲಿನ ಬಿ.ಎ. ಹುಡುಗ ಏನು ನೋಡಬೇಕು?

ತಮಿಳರನ್ನು ಬೈಯುವುದರಲ್ಲಿ ನಾವು ಗಟ್ಟಿಗರು. ಅವರು 2001ರಲ್ಲೇ ಕಂಪ್ಯೂಟರಿನಲ್ಲಿ ತಮಿಳು ಕಲಿಸಲೆಂದೇ ಒಂದು ಸಂಸ್ಥೆ ಕಟ್ಟಿ, ಪುಸ್ತಕ ಭಂಡಾರವನ್ನೇ ಅದರೊಳಗೆ ಇಟ್ಟರು. ಕಾವೇರಿಗೆ ಜಗಳಾಡೋಣ, ಇದನ್ನು ಮಾತ್ರ ಕದಿಯೋಣ!

"ಇಂಗ್ಲಿಷ್ ಕಲಿಯಲಿ ಬಿಡಿ, ಅದೇ ಅನ್ನದ ಭಾಷೆ" ಎನ್ನುವ ಬೆಂಗಳೂರಿನ ಬುದ್ಧಿವಂತರಿದ್ದಾರೆ. ಕಲಿಯಲಿ, ಯಾರು ಬೇಡ ಅಂದರು? ಆದರೆ ತೆರಿಗೆ ಅಂದರೇನು ಎಂದು ಮೊದಲು ತಿಳಿಯುವುದು ತನ್ನ ಭಾಷೆಯಲ್ಲಿ. ತಿಳಿಯದ್ದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದವನಿಗೆ ಯಾವ ಕಂಪನಿ ಅನ್ನ ಹಾಕುತ್ತದೆ? ಈಗ ಎಲ್ಲರ ಬಾಯಲ್ಲೂ ಎಐ. ಆ ಯಂತ್ರ ಕಲಿಯುವುದು ತನಗೆ ಓದಲು ಸಿಕ್ಕ ಬರಹದಿಂದ. ನಮ್ಮ ಪಠ್ಯಗಳನ್ನೆಲ್ಲ ಹಳೇ ಫಾಂಟಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಅದು ಕನ್ನಡ ಸರಿಯಾಗಿ ಮಾತಾಡುವುದಿಲ್ಲ ಎಂದು ನಗುತ್ತೇವೆ.

ವಿ.ಕೃ. ಗೋಕಾಕರು ಹುಟ್ಟಿದ್ದು ನಮ್ಮ ಸವಣೂರಿನಲ್ಲಿ, 1909ರಲ್ಲಿ. 1981ರ ಅವರ ವರದಿ ಜಾರಿಯಾಗಲಿ ಎಂದು 1982ರಲ್ಲಿ ಡಾ. ರಾಜಕುಮಾರ್ ಬೀದಿಗಿಳಿದರು, ನಾಡೇ ಹಿಂದೆ ನಡೆಯಿತು. ಆ ವರದಿ ಪ್ರೌಢಶಾಲೆಯ ಬಾಗಿಲಿಗೆ ನಿಂತಿತು. ಕಾಲೇಜಿನ ಬಾಗಿಲು ತಟ್ಟಲು ಇನ್ನೊಬ್ಬ ಗೋಕಾಕರು ಬರಲೆಂದು ಕಾಯುತ್ತ ಕೂಡಬೇಕೇ?

ಬೇಡ. ಇವತ್ತೇ ನಿಮ್ಮ ವಿಶ್ವವಿದ್ಯಾಲಯದ ಕನ್ನಡ ಪಠ್ಯದ ಪಿಡಿಎಫ್ ತೆರೆಯಿರಿ. ಕಣ್ಣಿಗೆ ಕಾಣುವ ಒಂದು ಪದ ಹುಡುಕಿ. ಸಿಗದಿದ್ದರೆ ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಈ ಪಠ್ಯಕ್ಕೆ ಎಷ್ಟು ದುಡ್ಡು ಕೊಟ್ಟಿರಿ, ಯೂನಿಕೋಡ್‌ನಲ್ಲಿ ಕೊಡಬೇಕೆಂದು ಟೆಂಡರಿನಲ್ಲಿ ಬರೆದಿದ್ದಿರಾ? ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಉತ್ತರ ಬಂದರೆ ಈ ಪತ್ರಿಕೆಗೆ ಕಳಿಸಿ, ಹಾಗೇ ಅಚ್ಚು ಹಾಕೋಣ.

ನನ್ನ ಪಾಲಿನ ಕೆಲಸ ಶುರುವಾಗಿದೆ. ಹಳೇ ನೋಟ್ಸನ್ನೆಲ್ಲ ಯೂನಿಕೋಡ್‌ಗೆ ಬದಲಿಸುತ್ತಿದ್ದೇನೆ. ಬದಲಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಆದರೆ ಅರ್ಕಾವತ್ತು ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪುತ್ತವೆ, ಕೂತು ತಿದ್ದಬೇಕು. ಅರ್ಥಶಾಸ್ತ್ರ ಅರ್ಧ ಮುಗಿದಿದೆ. ಕರಡು ತಿದ್ದಲು ಬಿಡುವಿರುವವರು ಬೇಕಾಗಿದ್ದಾರೆ. ಕೂಲಿ ಇಲ್ಲ, ಚಹಾ ಉಂಟು.